ಕುದ್ರುಗಳಲ್ಲಿ ಬರೆದ ಪುಟ್ಟ ತೈಲವರ್ಣ ಚಿತ್ರ ಕೆಟ್ಟಾಗ ಕಾರಣ ಹುಡುಕುವ ಕ್ರಮ

ಉಡುಪಿ ಜಿಲ್ಲೆಯ ಸೀತಾ ಮತ್ತು ಸುವರ್ಣಾ ನದಿಗಳು ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಕಡಲು ಸೇರುವ ಮೊದಲು ಹಲವು ಕುದ್ರುಗಳನ್ನು ಬಳಸಿ ಹರಿಯುತ್ತವೆ. ಕೆಮ್ಮಣ್ಣಿನ ತೂಗುಸೇತುವೆ ದಾಟಿದರೆ ಸಿಗುವ ತಿಮ್ಮಣ್ಣ ಕುದ್ರು, ಅದರಂತೆಯೇ ಪಡುಕುದ್ರು, ಇಂಥ ನದೀದ್ವೀಪಗಳಲ್ಲಿ ತೆಂಗಿನ ತೋಟ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚು, ಮುರಕಲ್ಲಿನ ಕಟ್ಟೆ, ಹಂಚಿನ ಮಾಡು, ದಡಕ್ಕೆ ಎಳೆದಿಟ್ಟ ದೋಣಿ ಎಲ್ಲವೂ ಕೂಗಳತೆಯೊಳಗೇ ಇರುತ್ತವೆ. 6×8 ಅಥವಾ 8×10 ಇಂಚಿನ ಹಲಗೆಯ ಮೇಲೆ, ಒಮ್ಮೆ ಕುಳಿತು ಎದ್ದೇಳುವಷ್ಟರಲ್ಲಿ, ತೈಲವರ್ಣದ ನಿಸರ್ಗಚಿತ್ರ ಬರೆದು ಮುಗಿಸಬೇಕೆನ್ನುವವರಿಗೆ ಇದಕ್ಕಿಂತ ಅನುಕೂಲದ ಜಾಗ ನಮ್ಮ ಕರಾವಳಿಯಲ್ಲಿ ವಿರಳ. ಆದರೆ ಇಲ್ಲಿನ ಬೆಳಕು ತೀಕ್ಷ್ಣವಾದದ್ದು, ಗಾಳಿ ಉಪ್ಪಿನದು, ತೇವವಂತೂ ವರ್ಷದ ಬಹುಪಾಲು ಬಿಡುವುದೇ ಇಲ್ಲ. ಹೀಗಾಗಿ ಇಲ್ಲಿ ಬರೆದ ಚಿತ್ರಗಳಲ್ಲಿ ಕಾಣಿಸುವ ದೋಷಗಳಲ್ಲಿ ಹೆಚ್ಚಿನವು ಕೈಯ ದೋಷಗಳಲ್ಲ, ಬೆಳಕು, ತೇವ ಮತ್ತು ಹಲಗೆಯ ಮೇಲ್ಮೈ ತಂದ ದೋಷಗಳು ಎಂಬುದು ನನ್ನ ದೃಢ ನಂಬಿಕೆ. ಅವುಗಳನ್ನು ಬೇರ್ಪಡಿಸಿ ಗುರುತಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಪ್ರಶ್ನೆ: ದೋಷ ಯಾವಾಗ ಕಂಡಿತು?

ಚಿತ್ರ ಕೆಟ್ಟಿದೆ ಅನ್ನಿಸಿದ ಕೂಡಲೇ ಅದರ ಮೇಲೆ ಇನ್ನೊಂದು ಪದರ ಬಣ್ಣ ಹಚ್ಚುವುದು ಎಲ್ಲರ ಸಹಜ ಪ್ರವೃತ್ತಿ. ಅದನ್ನು ತಡೆಯಬೇಕು, ಏಕೆಂದರೆ ಹೊಸ ಬಣ್ಣ ಬಿದ್ದ ಮೇಲೆ ಹಳೆಯ ದೋಷದ ಗುರುತು ಮುಚ್ಚಿಹೋಗುತ್ತದೆ, ಕಾರಣ ಮಾತ್ರ ಕೆಳಗೆ ಹಾಗೆಯೇ ಉಳಿಯುತ್ತದೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ದೋಷ ಯಾವಾಗ ಕಣ್ಣಿಗೆ ಬಿತ್ತು ಎಂಬುದನ್ನು. ಕುದ್ರಿನಲ್ಲಿ ಕುಳಿತಿದ್ದಾಗಲೇ ಕಂಡಿದ್ದರೆ ಬಣ್ಣದ ಬೆರಕೆ, ಕುಂಚ ಅಥವಾ ಹಲಗೆಯ ಮೇಲ್ಮೈಯನ್ನು ಪರಿಶೀಲಿಸಬೇಕು. ಅಲ್ಲಿ ಸರಿಯಾಗಿದ್ದು ಮನೆಗೆ ತಂದ ಮೇಲೆ ಬದಲಾಗಿ ಕಂಡರೆ ಬೆಳಕಿನ ಕಡೆ ನೋಡಬೇಕು. ವಾರದೊಳಗೆ ಅಥವಾ ತಿಂಗಳೊಳಗೆ ಕಂಡರೆ ಎಣ್ಣೆ, ದ್ರಾವಕ (ಬಣ್ಣ ತೆಳುವಾಗಿಸುವ ಟರ್ಪೆಂಟೈನ್‌ನಂಥದ್ದು) ಮತ್ತು ಒಣಗುವಿಕೆಯನ್ನೂ, ಒಂದು ಮಳೆಗಾಲ ಕಳೆದ ಮೇಲೆ ಕಂಡರೆ ಪೂರ್ವಲೇಪ, ಹಲಗೆ ಮತ್ತು ಸಂಗ್ರಹದ ಜಾಗವನ್ನೂ ಶಂಕಿಸಬೇಕು.

ಈ ವಿಚಾರಣೆಗೆ ದಾಖಲೆ ಬೇಕು. ಹಲಗೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ದಿನಾಂಕ, ಆರಂಭಿಸಿದ ಮತ್ತು ಮುಗಿಸಿದ ಹೊತ್ತು, ನೀರು ಭರತವೋ ಇಳಿತವೋ ಎಂಬುದು, ಬಿಳಿ ಬಣ್ಣ ಯಾವುದು, ಎಣ್ಣೆ ಅಥವಾ ಮಾಧ್ಯಮ ಯಾವುದು, ಗೆಸ್ಸೊ (ಬಣ್ಣಕ್ಕೆ ಮೊದಲು ಹಲಗೆಗೆ ಬಳಿಯುವ ಬಿಳಿ ಪೂರ್ವಲೇಪ) ಎಂದು ಹಾಕಿದ್ದು ಇಷ್ಟನ್ನು ಬರೆದಿಡಬೇಕು. ಇದಿಲ್ಲದೆ ಆರು ತಿಂಗಳ ನಂತರ ಬಿರುಕಿನ ಕಾರಣ ಹುಡುಕಲು ಹೊರಟರೆ ಊಹೆ ಬಿಟ್ಟರೆ ಬೇರೇನೂ ದಕ್ಕುವುದಿಲ್ಲ.

ಕುಳಿತಲ್ಲೇ ಕಾಣುವ ದೋಷಗಳು

ಅತಿ ಸಾಮಾನ್ಯವಾದದ್ದು ಬಣ್ಣ ರಾಡಿಯಾಗುವುದು. ಇದರ ಪರೀಕ್ಷೆ ಸರಳ. ಪ್ಯಾಲೆಟ್‌ನ (ಬಣ್ಣ ಬೆರೆಸುವ ತಟ್ಟೆಯ) ಒಂದು ಮೂಲೆಯನ್ನು ಚೆನ್ನಾಗಿ ಒರೆಸಿ, ಚಿತ್ರದಲ್ಲಿ ರಾಡಿಯಾಗಿ ಕಾಣುವ ಬಣ್ಣವನ್ನೇ, ಅದೇ ಟ್ಯೂಬುಗಳಿಂದ, ಕುಂಚ ಬಳಸದೆ ಶುದ್ಧವಾದ ಪ್ಯಾಲೆಟ್ ಚಾಕುವಿನಿಂದ ಮತ್ತೆ ಬೆರೆಸಿ ನೋಡಬೇಕು. ಅಲ್ಲಿ ಬಣ್ಣ ನಿಚ್ಚಳವಾಗಿ ಬಂದರೆ ಬೆರಕೆಯಲ್ಲಿ ತಪ್ಪಿಲ್ಲ. ಕುಂಚದ ಬುಡದಲ್ಲಿ ಉಳಿದ ಹಳೆಯ ಬಣ್ಣ, ಕೊಳೆಯಾದ ಟರ್ಪೆಂಟೈನ್ ಅಥವಾ ಕೆಳಗಿನ ಹಸಿ ಪದರ ಎದ್ದು ಮೇಲಿನದರೊಂದಿಗೆ ಸೇರಿಕೊಂಡದ್ದು, ಈ ಮೂರರಲ್ಲಿ ಒಂದು ಕಾರಣವಾಗಿರುತ್ತದೆ. ಚಾಕುವಿನಿಂದ ಬೆರೆಸಿದರೂ ರಾಡಿಯೇ ಬಂದರೆ ಬೆರಕೆಯಲ್ಲೇ ಪರಸ್ಪರ ಕೊಲ್ಲುವ ವರ್ಣಗಳು ಸೇರಿವೆ ಎಂದರ್ಥ. ಆಗ ಟ್ಯೂಬಿನ ಮೇಲಿನ ವರ್ಣದ್ರವ್ಯದ ಸಂಕೇತಗಳನ್ನು ಓದಬೇಕು. ಅಗ್ಗದ ಟ್ಯೂಬುಗಳಲ್ಲಿ ಒಂದೇ ಹೆಸರಿನ ಕೆಳಗೆ ಎರಡು ಮೂರು ವರ್ಣದ್ರವ್ಯಗಳು ಇರುವುದುಂಟು, ಅಂಥ ಎರಡನ್ನು ಬೆರೆಸಿದರೆ ನಾವು ಎರಡು ಎಂದುಕೊಂಡದ್ದು ವಾಸ್ತವವಾಗಿ ಐದಾಗಿರಬಹುದು. ಮೂರನೆಯ ಸಾಧ್ಯತೆಯೊಂದಿದೆ. ಬೆರೆಸಿದ ಬಣ್ಣ ಬಿಳಿ ಕಾಗದದ ಮೇಲೆ ಚೆಂದವಾಗಿಯೇ ಕಂಡು, ಚಿತ್ರದಲ್ಲಿಟ್ಟಾಗ ಮಾತ್ರ ಕೊಳೆಯಂತೆ ಕಂಡರೆ ಅದರ ತಿಳಿ-ಗಾಢತೆ ಪಕ್ಕದ ಬಣ್ಣಕ್ಕೆ ಹೊಂದಿಲ್ಲ. ಇಂಥಲ್ಲಿ ವರ್ಣ ಬದಲಿಸಬೇಕಿಲ್ಲ, ಒಂದು ಮೆಟ್ಟಿಲು ತಿಳಿಯನ್ನೋ ಗಾಢವನ್ನೋ ಮಾಡಿದರೆ ಸಾಕು.

ಕುದ್ರುಗಳಿಗೇ ವಿಶೇಷವಾದ ದೋಷ ಹಸಿರಿನದು. ಎಲ್ಲ ಹಸಿರೂ ಒಂದೇ ಆಗಿ, ಅದೂ ಕಣ್ಣು ಕುಕ್ಕುವಂತೆ ಬಂದಿದ್ದರೆ, ಥ್ಯಾಲೊ ಹಸಿರಿಗೆ (ವರ್ಣದ್ರವ್ಯದ ಸಂಕೇತ ಪಿಜಿ 7) ನಿಂಬೆ ಹಳದಿ ಸೇರಿಸಿ ಇಡೀ ತೋಟವನ್ನು ಮುಗಿಸಲಾಗಿದೆಯೇ ಎಂದು ಮೊದಲು ನೋಡಬೇಕು. ತೆಂಗಿನ ಮಡಲಿನ ಮೇಲ್ಮುಖ ಆಕಾಶವನ್ನು ಪ್ರತಿಫಲಿಸುವುದರಿಂದ ಬೂದುನೀಲಿಯ ಕಡೆಗಿರುತ್ತದೆ, ಬಿಸಿಲು ಹಾಯ್ದು ಬರುವ ಮಡಲು ಹಳದಿಯ ಕಡೆಗೆ ವಾಲುತ್ತದೆ. ಕಾಂಡ್ಲಾ ಎಲೆ ದಪ್ಪವಾಗಿ ಹೊಳೆಯುವುದರಿಂದ ದೂರದಿಂದ ಕಪ್ಪುಬೆಳ್ಳಿಯ ಛಾಯೆ ತಾಳುತ್ತದೆ, ಗದ್ದೆಯ ಪೈರಿನದು ಇವೆಲ್ಲಕ್ಕಿಂತ ಬೆಚ್ಚಗಿನ ಹಸಿರು. ಬೂದು ಬಣ್ಣದ ರಟ್ಟಿನಲ್ಲಿ ಸಣ್ಣ ತೂತು ಕೊರೆದು, ಅದರೊಳಗಿಂದ ಒಂದೊಂದೇ ಹಸಿರನ್ನು ಪ್ರತ್ಯೇಕವಾಗಿ ನೋಡಿ, ಚಾಕುವಿನ ತುದಿಯಲ್ಲಿರುವ ಬೆರಕೆಯನ್ನು ಆ ತೂತಿನ ಪಕ್ಕಕ್ಕೆ ಹಿಡಿದರೆ ತಪ್ಪು ಎಲ್ಲಿದೆಯೆಂದು ತಕ್ಷಣ ಗೊತ್ತಾಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಯೆಲ್ಲೊ ಓಕರ್ ಅಥವಾ ಕ್ಯಾಡ್ಮಿಯಂ ಹಳದಿ ಸೇರಿಸಿ, ಕಾವಿಯ ಕೆಂಪಿನಿಂದ ಸ್ವಲ್ಪ ಹದಗೊಳಿಸಿದ ಹಸಿರುಗಳು ಇಲ್ಲಿನ ತೋಟಕ್ಕೆ ಹೆಚ್ಚು ನಿಜವಾಗಿ ಕೂಡಿಕೊಳ್ಳುತ್ತವೆ.

ಚಿತ್ರದ ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ಹೊಂದಾಣಿಕೆಯೇ ಇಲ್ಲ ಎನ್ನಿಸಿದಾಗ ಬಣ್ಣವನ್ನು ಮುಟ್ಟುವ ಮೊದಲು ನೆರಳುಗಳ ದಿಕ್ಕನ್ನು ಪರೀಕ್ಷಿಸಬೇಕು. ಸೂರ್ಯ ಗಂಟೆಗೆ 15 ಡಿಗ್ರಿಯಷ್ಟು ಸರಿಯುತ್ತಾನೆ. ಇತ್ತ ಅಳಿವೆಯಲ್ಲಿ ಭರತದಿಂದ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಹೊತ್ತು ಹಿಡಿಯುವುದರಿಂದ, ಎರಡು ತಾಸು ಕುಳಿತರೆ ನೀರಿನ ಅಂಚು ಬೇರೆಯದೇ ಆಗಿರುತ್ತದೆ. ಆರಂಭದಲ್ಲಿ ನೀರಿದ್ದ ಕಡೆ ಮುಗಿಸುವಾಗ ಕೆಸರಿನ ಪಟ್ಟಿ ಮತ್ತು ಕಾಂಡ್ಲಾದ ಬೇರುಗಳು ತೆರೆದುಕೊಂಡಿರುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಮೊದಲ ಹತ್ತು ನಿಮಿಷದೊಳಗೆ ನೀರಿನ ಗೆರೆ ಮತ್ತು ನೆರಳಿನ ಆಕಾರಗಳನ್ನು ತೆಳುವಾದ ಉಂಬರ್‌ನಿಂದ (ಕಂದು ಮಣ್ಣಿನ ಬಣ್ಣದಿಂದ) ಗುರುತಿಸಿ, ಮುಂದೆ ಏನು ಬದಲಾದರೂ ಅವನ್ನು ಅಲುಗಿಸದಿರುವುದೇ ಇದಕ್ಕಿರುವ ಉಪಾಯ. ಬಾಕಿ ಕೆಲಸವನ್ನು ಮರುದಿನ ಮುಂದುವರಿಸಬೇಕಿದ್ದರೆ ನೀರಿನ ಅದೇ ಮಟ್ಟ ಸುಮಾರು 50 ನಿಮಿಷ ತಡವಾಗಿ ಬರುತ್ತದೆ ಎಂಬುದನ್ನು ಲೆಕ್ಕದಲ್ಲಿಡಬೇಕು. ಒಂದೆರಡು ದಿನಗಳಾಚೆಗೆ ನೀರೂ ಬಿಸಿಲೂ ಒಟ್ಟಿಗೆ ಹೊಂದುವುದಿಲ್ಲ. ಪ್ರತಿಬಿಂಬದಲ್ಲೇ ಅಸಂಗತಿ ಕಂಡರೆ, ಅದು ವಸ್ತುವಿನ ನೇರ ಕೆಳಗೆ ಬಿದ್ದಿದೆಯೇ, ತಿಳಿ ಬಣ್ಣದ ವಸ್ತುಗಳು ನೀರಿನಲ್ಲಿ ಕೊಂಚ ಗಾಢವಾಗಿಯೂ ಗಾಢವಾದವು ಕೊಂಚ ತಿಳಿಯಾಗಿಯೂ ಇವೆಯೇ ಎಂದು ನೋಡಿದರೆ ಸಾಕು.

ಬಣ್ಣ ಹಲಗೆಗೆ ಹಿಡಿಯದೆ ಜಾರುತ್ತಿದ್ದರೆ ಅಥವಾ ಹನಿಹನಿಯಾಗಿ ಸೇರಿಕೊಳ್ಳುತ್ತಿದ್ದರೆ ಕಾರಣ ಮೇಲ್ಮೈಯಲ್ಲಿದೆ. ಡಿಸೆಂಬರ್, ಜನವರಿಯ ಬೆಳಗಿನ ಇಬ್ಬನಿಯಲ್ಲಿ ತೆರೆದಿಟ್ಟ ಹಲಗೆ ಕಣ್ಣಿಗೆ ಕಾಣದಷ್ಟು ತೇವ ಹೀರಿರುತ್ತದೆ. ಒಣ ಹತ್ತಿಯಿಂದ ಒರೆಸಿ, ಬಿಸಿಲಿಗೆ ಕೆಲವು ನಿಮಿಷ ಹಿಡಿದ ಮೇಲೆ ಬಣ್ಣ ಸರಿಯಾಗಿ ಹಿಡಿದರೆ ದೋಷ ತೇವದ್ದು. ಜಾರುವ ಕಲೆಗಳು ಬೆರಳಿನ ಆಕಾರದಲ್ಲಿ ಅಂಚುಗಳ ಹತ್ತಿರವಷ್ಟೇ ಇದ್ದರೆ ಅದು ಕೈಯ ಎಣ್ಣೆ, ಟರ್ಪೆಂಟೈನ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಇಡೀ ಹಲಗೆಯಲ್ಲಿ ಹೀಗಾದರೆ ಪೂರ್ವಲೇಪವೇ ನುಣುಪಾಗಿದೆ. ಬಾಗಿಲಿಗೆ ಬಳಿಯುವ ಎನಾಮಲ್ ಪೇಂಟಿನ ಮೇಲೆ ತೈಲವರ್ಣ ನಿಲ್ಲದೆ ಜಾರುವುದು ಇದಕ್ಕೇ. ಅಂಥ ಹಲಗೆಯನ್ನು ಮರಳು ಕಾಗದದಿಂದ ತಿಕ್ಕಿ ಹೊಸದಾಗಿ ಗೆಸ್ಸೊ ಹಾಕುವುದು ಉತ್ತಮ.

ಮರಳು ಹಾರಿ ಹಸಿ ಬಣ್ಣಕ್ಕೆ ಅಂಟಿದರೆ ಆಗಲೇ ಕೀಳಬಾರದು. ಒಣಗಿದ ಮೇಲೆ ಬೆರಳಿನಿಂದ ಸವರಿದರೆ ಬಹುಪಾಲು ಉದುರುತ್ತದೆ. ಮಧ್ಯಾಹ್ನ ಕಡಲ ಗಾಳಿ ಏಳುವ ಹೊತ್ತಿಗೆ ಕೊಡೆಯನ್ನು ಈಸೆಲ್‌ನಿಂದ (ಹಲಗೆ ನಿಲ್ಲಿಸುವ ಆಧಾರದಿಂದ) ಬಿಚ್ಚಿಟ್ಟು, ಅದರ ಟ್ರೈಪಾಡ್‌ನ ನಡುವಿಗೆ ನೀರಿನ ಬಾಟಲಿಯ ಭಾರ ಕಟ್ಟಬೇಕು.

ಅಲ್ಲಿ ಸರಿಯಿತ್ತು, ಮನೆಯಲ್ಲಿ ಬೇರೆಯಾಗಿದೆ

ಅತ್ಯಂತ ಹೆಚ್ಚು ಚಿತ್ರಗಳು ತಿದ್ದುವಿಕೆಯಿಂದ ಹಾಳಾಗುವುದು ಈ ಹಂತದಲ್ಲಿ, ಹಾಗಾಗಿ ಇಲ್ಲಿ ತಾಳ್ಮೆ ಬೇಕು. ನಡು ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಬೆಳಕಿನ ಪ್ರಮಾಣ ಒಂದು ಲಕ್ಷ ಲಕ್ಸ್ ಸುಮಾರಿಗೆ ಇರುತ್ತದೆ, ಮನೆಯ ಕೋಣೆಯಲ್ಲಿ ಅದು ಕೆಲವು ನೂರು ಲಕ್ಸ್ ಮಾತ್ರ. ಬಿಸಿಲು ನೇರವಾಗಿ ಬಿದ್ದ ಹಲಗೆಯ ಮೇಲೆ ಗಾಢ ಬಣ್ಣವೂ ತಿಳಿಯಾಗಿ ಕಾಣುವುದರಿಂದ ಬರೆಯುವವರು ಎಲ್ಲವನ್ನೂ ಅಗತ್ಯಕ್ಕಿಂತ ಗಾಢವಾಗಿ ಬೆರೆಸುತ್ತಾರೆ. ಮನೆಗೆ ಬಂದಾಗ ಚಿತ್ರ ಮಂಕಾಗಿ, ನೆರಳುಗಳು ಕಪ್ಪಾಗಿ ಕಾಣುತ್ತವೆ.

ಆದರೆ ಗಾಢವಾಗಿ ಕಂಡ ಪ್ರತಿ ಚಿತ್ರಕ್ಕೂ ಬಿಸಿಲೇ ಕಾರಣವಲ್ಲ. ರಾತ್ರಿ ದೀಪದ ಕೆಳಗೆ ತೀರ್ಮಾನಕ್ಕೆ ಬರದೆ, ಮರುದಿನ ಬೆಳಿಗ್ಗೆ ಚಿತ್ರವನ್ನು ಜಗಲಿಯ ನೆರಳಿನಲ್ಲಿ, ಆಕಾಶದ ಬೆಳಕು ಬೀಳುವಂತೆ ಇಟ್ಟು ನೋಡಬೇಕು. ಅಲ್ಲಿ ಸರಿಯಾಗಿ ಕಂಡರೆ ದೋಷ ಚಿತ್ರದಲ್ಲಿಲ್ಲ, ಕೋಣೆಯ ಹಳದಿ ದೀಪದಲ್ಲಿದೆ. ಸುಮಾರು 5000 ಕೆಲ್ವಿನ್‌ನ ದೀಪ ಹಾಕಿದರೆ ಸಮಸ್ಯೆ ಮುಗಿಯುತ್ತದೆ. ಜಗಲಿಯಲ್ಲೂ ಇಡೀ ಚಿತ್ರ ಒಂದೇ ಸಮನೆ ಗಾಢವಾಗಿದ್ದರೆ ಬರೆಯುವಾಗ ಹಲಗೆ ಬಿಸಿಲಿನಲ್ಲಿತ್ತು ಎಂದು ತಿಳಿಯಬೇಕು. ಕೆಲವು ಜಾಗಗಳು ಮಾತ್ರ ಮಂಕಾಗಿ, ಹೊಳಪು ಕಳೆದುಕೊಂಡಿದ್ದರೆ ಅದು ಬಣ್ಣ ಇಂಗಿದ ದೋಷ, ಅದರ ವಿಚಾರ ಮುಂದೆ ಬರುತ್ತದೆ.

ಇದರ ವಿರುದ್ಧವಾದ ದೋಷವೂ ಇದೆ. ದಟ್ಟ ತೋಟದ ಕತ್ತಲಲ್ಲಿ ಹಲಗೆಯಿಟ್ಟು, ಎದುರಿನ ಬೆಳಗುವ ನದಿಯನ್ನು ಬರೆದವರ ಚಿತ್ರ ಮನೆಯಲ್ಲಿ ಸುಣ್ಣ ಬಳಿದಂತೆ ತಿಳಿಯಾಗಿ ಬರುತ್ತದೆ. ತೆಂಗಿನ ಮಡಲುಗಳ ಹಸಿರು ಬೆಳಕು ಹಲಗೆಯ ಮೇಲೆ ಬೀಳುತ್ತಿದ್ದರೆ ಕಣ್ಣು ಅದನ್ನು ಸರಿದೂಗಿಸಲು ಕೆಂಪನ್ನು ಹೆಚ್ಚಿಸುತ್ತದೆ. ಆದ್ದರಿಂದ ಇಡೀ ಚಿತ್ರ ನಸುಗೆಂಪಾಗಿದ್ದರೆ ಕುಳಿತ ಜಾಗದ ಮೇಲೆ ಏನಿತ್ತು ಎಂದು ನೆನಪಿಸಿಕೊಳ್ಳಬೇಕು. ಬಣ್ಣದ ಕೊಡೆ, ಕೆಂಪು ಅಥವಾ ಹಳದಿ ಅಂಗಿ ಕೂಡ ಇದೇ ಬಗೆಯ ಮೋಸ ಮಾಡುತ್ತವೆ. ಸಂಜೆಯ ಚಿತ್ರಗಳದ್ದು ಬೇರೆಯೇ ಕಥೆ. ಮುಳುಗುವ ಸೂರ್ಯನ ಕೆಂಬಿಸಿಲು ದೃಶ್ಯದ ಮೇಲೂ ಹಲಗೆಯ ಮೇಲೂ ಒಟ್ಟಿಗೆ ಬಿದ್ದಾಗ, ಬಿಳಿ ಬಣ್ಣವೇ ಕಿತ್ತಳೆಯಾಗಿ ಕಾಣುವುದರಿಂದ ನಾವು ಕಿತ್ತಳೆಯನ್ನು ಸಾಕಷ್ಟು ಹಾಕುವುದಿಲ್ಲ, ಮನೆಯಲ್ಲಿ ನೋಡಿದರೆ ಸಂಜೆಯ ಕಾವು ಮಾಯವಾಗಿ ತಣ್ಣಗಿನ ಚಿತ್ರ ಉಳಿದಿರುತ್ತದೆ.

ಇವೆಲ್ಲಕ್ಕೂ ಒಂದೇ ಮುನ್ನೆಚ್ಚರಿಕೆ ಅನ್ವಯಿಸುತ್ತದೆ: ಹಲಗೆ ಮತ್ತು ಪ್ಯಾಲೆಟ್ ಎರಡೂ ಒಂದೇ ಬೆಳಕಿನಲ್ಲಿರಬೇಕು, ಆ ಬೆಳಕು ತೆರೆದ ಆಕಾಶದ ನೆರಳಿನದಾಗಿರಬೇಕು, ಮೇಲಿನ ಕೊಡೆ ಬೆಳಕು ಹಾಯದ ಕಪ್ಪು ಅಥವಾ ಬೂದು ಬಣ್ಣದ್ದಾಗಿರಬೇಕು. ಇದರ ಜೊತೆಗೆ ಮನೆಯ ಒಳ್ಳೆಯ ಬೆಳಕಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಐದು ಮೆಟ್ಟಿಲುಗಳ ಬೂದು ಪಟ್ಟಿಯೊಂದನ್ನು ತೈಲವರ್ಣದಲ್ಲೇ ಮಾಡಿ ಒಣಗಿಸಿಟ್ಟುಕೊಂಡು, ಸ್ಥಳದಲ್ಲಿ ಅದನ್ನು ಪ್ಯಾಲೆಟ್ ಪಕ್ಕ ಇಡುವುದನ್ನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ಪಟ್ಟಿ ಮತ್ತು ಬೆರಕೆ ಎರಡರ ಮೇಲೂ ಒಂದೇ ಬೆಳಕು ಬೀಳುವುದರಿಂದ, ಬಿಸಿಲೆಷ್ಟೇ ಇರಲಿ, ಎರಡರ ಹೋಲಿಕೆ ಸುಳ್ಳು ಹೇಳುವುದಿಲ್ಲ. ತಂಪು ಕನ್ನಡಕ ಹಾಕಿಕೊಂಡು ಬರೆಯುವುದನ್ನು ಬಿಡಬೇಕು, ವಿಶೇಷವಾಗಿ ಪೋಲರಾಯ್ಡ್ ಗಾಜು ನೀರಿನ ಹೊಳಪನ್ನೇ ಅಳಿಸಿಬಿಡುತ್ತದೆ.

ಬಣ್ಣ ಒಣಗುತ್ತಲೇ ಇಲ್ಲ

ತೈಲವರ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ. ಇದಕ್ಕೆ ಗಾಳಿ, ಬೆಳಕು, ಬೆಚ್ಚನೆಯ ವಾತಾವರಣ ಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದು ನಿಧಾನವೇ, ಅದನ್ನು ದೋಷವೆಂದು ಪರಿಗಣಿಸಬಾರದು. ಉಂಬರ್ ಬೆರೆತ ತೆಳು ಪದರ ಒಳ್ಳೆಯ ಹವೆಯಲ್ಲಿ ಎರಡು ಮೂರು ದಿನಕ್ಕೆ ಮುಟ್ಟಲು ಬರುವಷ್ಟು ಒಣಗಿದರೆ, ದಪ್ಪ ಟೈಟೇನಿಯಂ ಬಿಳಿ ವಾರಕ್ಕೂ ಹೆಚ್ಚು ತೆಗೆದುಕೊಳ್ಳಬಹುದು. ಕ್ಯಾಡ್ಮಿಯಂ ಬಣ್ಣಗಳು, ಅಲಿಜರಿನ್ ಮತ್ತು ಐವರಿ ಬ್ಲ್ಯಾಕ್ ಸಹ ತಡವಾಗಿ ಒಣಗುವ ಗುಂಪಿಗೆ ಸೇರಿದವು. ಕೆಲವು ಬಿಳಿ ಟ್ಯೂಬುಗಳಲ್ಲಿ ಅಗಸೆ ಎಣ್ಣೆಯ ಬದಲು ಕುಸುಬೆ ಎಣ್ಣೆ ಇರುತ್ತದೆ. ಅದು ಕಡಿಮೆ ಹಳದಿಯಾಗುತ್ತದೆ ನಿಜ, ಆದರೆ ಒಣಗಲು ಇನ್ನೂ ನಿಧಾನ, ಅದರ ಪೊರೆಯೂ ಅಷ್ಟು ಗಟ್ಟಿಯಲ್ಲ.

ಆದ್ದರಿಂದ ಒಣಗದ ಚಿತ್ರವನ್ನು ಕಂಡಾಗ ಕಿರುಬೆರಳಿನ ತುದಿಯಿಂದ ಅಂಚಿನ ಬೇರೆ ಬೇರೆ ಬಣ್ಣಗಳನ್ನು ಮುಟ್ಟಿ ನೋಡಬೇಕು. ಕಂದು ಬಣ್ಣಗಳು ಒಣಗಿ, ಬಿಳಿ ಮತ್ತು ಕೆಂಪು ಮಾತ್ರ ಹಸಿಯಾಗಿದ್ದರೆ ಕಾಯುವುದೊಂದೇ ಕೆಲಸ. ಉಂಬರ್ ಸಹ ಅಂಟಂಟಾಗಿದ್ದರೆ ಮಾತ್ರ ಮುಂದಿನ ತನಿಖೆ ಬೇಕು. ಹಲಗೆಯನ್ನು ಮುಚ್ಚಿದ ಪೆಟ್ಟಿಗೆಯಿಂದ ತೆಗೆದು, ಗಾಳಿಯಾಡುವ ಬೆಳಕಿನ ಜಾಗದಲ್ಲಿ ಒಂದು ವಾರ ಇಡಬೇಕು. ಸುಧಾರಿಸಿದರೆ ಇಟ್ಟ ಜಾಗವೇ ಕಾರಣವಾಗಿತ್ತು. ಏನೂ ಬದಲಾಗದಿದ್ದರೆ ಒಣಗದ ಎಣ್ಣೆಯೊಂದು ಬಣ್ಣದೊಳಗೆ ಸೇರಿದೆ.

ನಮ್ಮ ಕರಾವಳಿಯಲ್ಲಿ ಆ ಎಣ್ಣೆ ಬಹುಮಟ್ಟಿಗೆ ತೆಂಗಿನ ಎಣ್ಣೆಯೇ. ಮನೆಯಲ್ಲಿ ಸದಾ ಸಿಗುವುದರಿಂದ ಕುಂಚ ತೊಳೆಯಲು ಅದನ್ನು ಬಳಸುವ ರೂಢಿ ಕೆಲವರಲ್ಲಿದೆ. ಕೂದಲನ್ನು ಮೃದುವಾಗಿಡುತ್ತದೆ ಎಂಬುದು ನಿಜವಾದರೂ ತೆಂಗಿನ ಎಣ್ಣೆ ಗಾಳಿಯಲ್ಲಿ ಎಂದಿಗೂ ಪೊರೆಗಟ್ಟುವುದಿಲ್ಲ. ಎಣ್ಣೆಯ ಒಣಗುವ ಶಕ್ತಿಯನ್ನು ಸೂಚಿಸುವ ಅಯೋಡಿನ್ ಮೌಲ್ಯ ಅಗಸೆ ಎಣ್ಣೆಗೆ 170ಕ್ಕೂ ಮೇಲಿದ್ದರೆ ತೆಂಗಿನ ಎಣ್ಣೆಗೆ 10ರ ಆಸುಪಾಸಿನಲ್ಲಿದೆ. ಕುಂಚದ ಬುಡದಲ್ಲಿ ಉಳಿದ ಸ್ವಲ್ಪ ಎಣ್ಣೆಯೂ ಪುಟ್ಟ ಹಲಗೆಯ ಮೇಲಿನ ತೆಳು ಪದರವನ್ನು ತಿಂಗಳುಗಟ್ಟಲೆ ಅಂಟಾಗಿಸಬಲ್ಲದು. ತೊಳೆದು ಒಣಗಿಸಿದ ಕುಂಚವನ್ನು ಒತ್ತುಕಾಗದದ ಮೇಲೆ ಬಲವಾಗಿ ಒತ್ತಿ, ಕಾಗದವನ್ನು ಮರುದಿನ ಬೆಳಕಿಗೆ ಹಿಡಿದಾಗ ಪಾರದರ್ಶಕ ಕಲೆ ಉಳಿದಿದ್ದರೆ ಎಣ್ಣೆಯಿರುವುದು ಖಚಿತ. ಬಟ್ಟೆ ಸೋಪಿನಿಂದ, ಬುಡದ ಲೋಹದ ಕಟ್ಟಿನವರೆಗೂ ಬೆರಳು ತೂರಿಸಿ, ನೊರೆ ಬೆಳ್ಳಗಾಗುವ ತನಕ ತೊಳೆಯಬೇಕು.

ದ್ರಾವಕವನ್ನೂ ಪರೀಕ್ಷಿಸಬೇಕು. ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ಕೆಲವು ಗಂಟೆ ಬಿಟ್ಟಾಗ ಕಲೆ ಉಳಿಯದಿದ್ದರೆ ದ್ರಾವಕ ಚೆನ್ನಾಗಿದೆ. ಸೀಮೆಎಣ್ಣೆಯಾದರೆ ಜಿಡ್ಡಿನ ವೃತ್ತ ಬಹಳ ಹೊತ್ತು ಹಾಗೆಯೇ ಇರುತ್ತದೆ, ಅರ್ಧ ಖಾಲಿಯಾದ ಬಾಟಲಿಯಲ್ಲಿ ಬಹುಕಾಲ ಬೆಳಕಿಗೆ ಒಡ್ಡಿಕೊಂಡ ಟರ್ಪೆಂಟೈನ್ ಹಳದಿಯಾದ ಅಂಟನ್ನು ಬಿಡುತ್ತದೆ. ಎರಡನ್ನೂ ಚಿತ್ರಕ್ಕೆ ಬಳಸಬಾರದು. ಪೀಠೋಪಕರಣದ ಪಾಲಿಷ್‌ಗೆ ಬಳಸುವ ಎನ್‌ಸಿ ಥಿನ್ನರ್ ಕೆಳಗಿನ ಪದರವನ್ನೇ ಕರಗಿಸುತ್ತದೆ, ಅದೂ ಬೇಡ.

ಒಣಗದ ಎಣ್ಣೆ ಸೇರಿದ ಚಿತ್ರವನ್ನು ಉಳಿಸುವ ದಾರಿಯಿಲ್ಲ. ಮೇಲೆ ವಾರ್ನಿಷ್ ಹಚ್ಚಿದರೆ ಅಂಟು ಒಳಗೇ ಸಿಕ್ಕಿಕೊಳ್ಳುತ್ತದೆ. ಚಿತ್ರದ ಛಾಯಾಚಿತ್ರ ತೆಗೆದಿಟ್ಟುಕೊಂಡು, ಬಣ್ಣವನ್ನು ಕೆರೆದು, ಟರ್ಪೆಂಟೈನ್‌ನಿಂದ ಒರೆಸಿ, ಹಲಗೆಗೆ ಮತ್ತೆ ಗೆಸ್ಸೊ ಹಾಕುವುದೇ ಸರಿ. ಒರೆಸಿದ ಬಟ್ಟೆಯ ಬಗ್ಗೆ ಒಂದು ಎಚ್ಚರಿಕೆಯನ್ನು ಯಾರೂ ಮರೆಯಬಾರದು. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ಆಮ್ಲಜನಕ ಹೀರುವಾಗ ಹುಟ್ಟುವ ಶಾಖ ಒಳಗೇ ಸೇರಿಕೊಂಡು ತಾನಾಗಿಯೇ ಬೆಂಕಿ ಹೊತ್ತಬಲ್ಲದು. ಬಟ್ಟೆಯನ್ನು ಹೊರಗೆ ಒಂದೇ ಪದರವಾಗಿ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಬೇಕು.

ಮಂಕು ಕಲೆ, ಬಿಳಿ ಪೊರೆ, ಚುಕ್ಕೆಗಳು

ಈ ಮೂರನ್ನು ಒಂದೇ ಎಂದು ಭಾವಿಸಿ ಔಷಧ ಮಾಡುವುದರಿಂದ ಚಿತ್ರಗಳು ಹಾಳಾಗುತ್ತವೆ. ಚಿತ್ರ ಮುಟ್ಟಲು ಬರುವಷ್ಟು ಒಣಗಿದ ಮೇಲೆ, ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಮಂಕಾದ ಜಾಗಕ್ಕೆ ಮೆಲ್ಲಗೆ ಒತ್ತಬೇಕು. ಒದ್ದೆಯಾದಷ್ಟು ಹೊತ್ತು ಬಣ್ಣದ ಆಳ ಮರಳಿ ಬಂದು, ಒಣಗಿದ ಕೂಡಲೇ ಮತ್ತೆ ಮಂಕಾದರೆ ಬಣ್ಣದ ಎಣ್ಣೆ ಕೆಳಗಿನ ಪದರಕ್ಕೆ ಇಂಗಿದೆ. ಗೆಸ್ಸೊ ಅತಿಯಾಗಿ ಹೀರುವಂಥದ್ದಾಗಿದ್ದರೆ, ಬಣ್ಣಕ್ಕೆ ಟರ್ಪೆಂಟೈನ್ ಹೆಚ್ಚಾಗಿದ್ದರೆ, ಪೂರ್ತಿ ಒಣಗದ ಪದರದ ಮೇಲೆ ಮತ್ತೆ ಬರೆದಿದ್ದರೆ ಹೀಗಾಗುತ್ತದೆ. ಒಂದು ಪಾಲು ಅಗಸೆ ಎಣ್ಣೆಗೆ ಒಂದು ಪಾಲು ಟರ್ಪೆಂಟೈನ್ ಬೆರೆಸಿ, ಬಟ್ಟೆಯಿಂದ ಅತಿ ತೆಳುವಾಗಿ ಸವರಿ, ಕೆಲವು ನಿಮಿಷದ ನಂತರ ಹೆಚ್ಚಿನದನ್ನೆಲ್ಲ ಒರೆಸಿ ತೆಗೆದರೆ ಹೊಳಪು ಮರಳುತ್ತದೆ. ಒದ್ದೆ ಮಾಡಿದಾಗಲೂ ಬಣ್ಣ ಸುಣ್ಣದಂತೆಯೇ ಇದ್ದರೆ ಅದು ಇಂಗಿದ್ದಲ್ಲ, ಬಿಳಿ ಹೆಚ್ಚಾದ ಬೆರಕೆ, ಎಣ್ಣೆ ಸವರಿ ಪ್ರಯೋಜನವಿಲ್ಲ.

ಹತ್ತಿಗೆ ಬಿಳಿ ಪುಡಿ ಅಂಟಿಕೊಂಡು, ಕಲೆ ಪೂರ್ತಿ ಹೋದರೆ ಅದು ಕಡಲ ಗಾಳಿ ತಂದ ಉಪ್ಪು. ವಾರ್ನಿಷ್ ಹಚ್ಚುವ ಮೊದಲು ಅದನ್ನು ತೆಗೆಯಲೇಬೇಕು, ಏಕೆಂದರೆ ಉಪ್ಪು ಮುಂದೆಯೂ ತೇವ ಸೆಳೆಯುತ್ತಲೇ ಇರುತ್ತದೆ. ವಾರ್ನಿಷ್ ಹಚ್ಚಿದ ಚಿತ್ರದ ಮೇಲೆ ನೀಲಿ ಬೆರೆತ ಬಿಳಿ ಪೊರೆ ಕವಿದಿದ್ದರೆ ಹಚ್ಚಿದ ದಿನ ಗಾಳಿಯಲ್ಲಿ ತೇವ ಹೆಚ್ಚಿತ್ತು ಎಂದು ತಿಳಿಯಬೇಕು, ಮಳೆಗಾಲದಲ್ಲಿ ಈ ಕೆಲಸ ಮಾಡದಿರುವುದು ಕ್ಷೇಮ. ಕಲೆಗಳು ಚುಕ್ಕೆಚುಕ್ಕೆಯಾಗಿದ್ದು, ಭೂತಗನ್ನಡಿಯಲ್ಲಿ ನವಿರಾದ ಎಳೆಗಳು ಕಂಡು, ಹಲಗೆಯ ಹಿಂಬದಿಯಲ್ಲಿ ಇನ್ನೂ ಹೆಚ್ಚಾಗಿದ್ದರೆ ಅದು ಬೂಷ್ಟು. ಆ ಹಲಗೆಯನ್ನು ಉಳಿದವುಗಳಿಂದ ಬೇರ್ಪಡಿಸಿ, ಗಾಳಿಯಲ್ಲಿ ಚೆನ್ನಾಗಿ ಒಣಗಿಸಿ, ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು ಹೊರಗೆ ಮೃದುವಾದ ಒಣ ಕುಂಚದಿಂದ ಉದುರಿಸಬೇಕು. ಹಸಿಯಿದ್ದಾಗ ಒರೆಸಿದರೆ ಅದು ಇನ್ನಷ್ಟು ಹರಡುತ್ತದೆ. ಸಾಪೇಕ್ಷ ಆರ್ದ್ರತೆ ಶೇ. 65ನ್ನು ಮೀರಿ ಬಹುಕಾಲ ನಿಂತ ಕಡೆ ಬೂಷ್ಟು ಬರುವ ಸಾಧ್ಯತೆ ಹೆಚ್ಚು, ಆದ್ದರಿಂದ ಮಳೆಗಾಲದಲ್ಲಿ ತೇವ ಏರುವ ಮುರಕಲ್ಲಿನ ಗೋಡೆಗೆ ಚಿತ್ರವನ್ನು ತಾಗಿಸದೆ, ನಡುವೆ ಬಿರಡೆಯ ತುಂಡುಗಳನ್ನಿಟ್ಟು ಗಾಳಿಗೆ ದಾರಿ ಬಿಡಬೇಕು.

ಒಂದು ಮಳೆಗಾಲ ಕಳೆದ ಮೇಲೆ

ಕಪಾಟಿನಿಂದ ಹೊರತೆಗೆದ ಚಿತ್ರದ ಆಕಾಶ ಹಳದಿಯಾಗಿದ್ದರೆ ಗಾಬರಿ ಬೇಡ. ಅಗಸೆ ಎಣ್ಣೆ ಕತ್ತಲೆಯಲ್ಲಿ ಹಳದಿಯಾಗುತ್ತದೆ, ಬೆಳಕಿಗೆ ಬಂದಾಗ ಬಹುಮಟ್ಟಿಗೆ ತಿಳಿಯಾಗುತ್ತದೆ. ಚಿತ್ರದ ಅರ್ಧಭಾಗಕ್ಕೆ ಕಪ್ಪು ಕಾಗದವನ್ನು ಅಂಟಿಸದೆ ಬರಿದೇ ಮುಚ್ಚಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಕೆಲವು ವಾರ ಇಟ್ಟು ಎರಡು ಭಾಗಗಳನ್ನು ಹೋಲಿಸಿದರೆ ನಿಜ ತಿಳಿಯುತ್ತದೆ. ವ್ಯತ್ಯಾಸವೇ ಬಾರದಿದ್ದರೆ ಹಳದಿ ಕಲೆ ಪ್ಲೈವುಡ್‌ನ ಮರದಿಂದ ಗೆಸ್ಸೊ ಮೂಲಕ ಮೇಲೆ ಬಂದಿರಬಹುದು. ಅದಕ್ಕೆ ಗೆಸ್ಸೊ ಕೆಳಗೆ ಮರವನ್ನು ಮುಚ್ಚುವ ಲೇಪ ಬೇಕಿತ್ತು.

ಹಲಗೆಯ ಅಂಚುಗಳು ಚಿತ್ರದ ಕಡೆಗೆ ಬಾಗಿದ್ದರೆ ಹಿಂಬದಿ ತೇವ ಹೀರಿ ಹಿಗ್ಗಿದೆ. ಮುಂಬದಿಗೆ ಹಾಕಿದಷ್ಟೇ ಲೇಪಗಳನ್ನು ಹಿಂಬದಿಗೂ ನಾಲ್ಕು ಅಂಚುಗಳಿಗೂ ಹಾಕುವುದು ಇದಕ್ಕಿರುವ ಪರಿಹಾರ. ಹೊಸ ಹಲಗೆ ಕೊಳ್ಳುವಾಗ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಕೇಳುವುದು ಒಳ್ಳೆಯದು. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯ ಮೂಲೆಗಳು ಒಮ್ಮೆ ಉಬ್ಬಿದರೆ ಮತ್ತೆ ಕೂಡುವುದಿಲ್ಲ.

ಬಣ್ಣದ ಮೇಲ್ಮೈ ಸುಕ್ಕುಗಟ್ಟಿದ್ದರೆ ಎಣ್ಣೆ ಹೆಚ್ಚಾದ ದಪ್ಪ ಪದರದ ಮೇಲ್ಭಾಗ ಮೊದಲೇ ಒಣಗಿ ಒಳಭಾಗ ಹಸಿಯಾಗಿ ಉಳಿದಿತ್ತು. ಬಿರುಕುಗಳಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಬೇಕು. ಅಗಲವಾಗಿ, ಅಂಚು ದುಂಡಾಗಿ, ನಡುವೆ ಕೆಳಗಿನ ಬಣ್ಣ ಕಾಣುವಂತೆ ತೆರೆದುಕೊಂಡ ಬಿರುಕು ಒಣಗುವಾಗ ಬಂದದ್ದು: ನಿಧಾನವಾಗಿ ಒಣಗುವ ಎಣ್ಣೆಭರಿತ ಪದರದ ಮೇಲೆ ಬೇಗ ಒಣಗುವ ತೆಳು ಪದರ ಬಿದ್ದಿದೆ. ಸೂಜಿಯಿಂದ ಗೀರಿದಂತೆ ನವಿರಾದ, ಚೂಪು ಅಂಚಿನ ಬಿರುಕು ಪೊರೆ ಪೆಡಸಾದದ್ದರ ಲಕ್ಷಣ. ಅಲ್ಲಿ ಬಿಳಿ ಟ್ಯೂಬಿನ ಮೇಲೆ ಪಿಡಬ್ಲ್ಯು 4 ಎಂಬ ಸಂಕೇತವಿದೆಯೇ ಎಂದು ನೋಡಬೇಕು. ಅದು ಜಿಂಕ್ ಆಕ್ಸೈಡ್, ಕಾಲ ಕಳೆದಂತೆ ಪೊರೆಯನ್ನು ಪೆಡಸು ಮಾಡುತ್ತದೆ. ಟೈಟೇನಿಯಂ ವೈಟ್ ಎಂಬ ಹೆಸರಿನ ಎಷ್ಟೋ ಟ್ಯೂಬುಗಳಲ್ಲೂ ಅದು ಬೆರೆತಿರುತ್ತದೆ, ಆದ್ದರಿಂದ ಪಿಡಬ್ಲ್ಯು 6 ಮಾತ್ರ ಇರುವುದನ್ನು ಆರಿಸಬೇಕು.

ಸೂರ್ಯಾಸ್ತದ ಗುಲಾಬಿ ಮಾಸಿ ಬೂದಾಗಿದ್ದು, ಫ್ರೇಮಿನ ಅಂಚಿನಡಿಯಲ್ಲಿ ಮಾತ್ರ ಗುಲಾಬಿ ಹಾಗೆಯೇ ಉಳಿದಿದ್ದರೆ ಬೆಳಕಿಗೆ ನಿಲ್ಲದ ಅಲಿಜರಿನ್ ಕ್ರಿಮ್ಸನ್ (ಪಿಆರ್ 83) ಕಾರಣ. ಅದರ ಜಾಗಕ್ಕೆ ಕ್ವಿನಾಕ್ರಿಡೋನ್ (ಪಿವಿ 19) ತರಬೇಕು.

ಬಣ್ಣ ಚಕ್ಕೆಯಾಗಿ ಎದ್ದರೆ ಅದನ್ನು ಕೂಡಲೇ ಅಂಟಿಸಬಾರದು. ಚಕ್ಕೆಯನ್ನು ಚಿಮುಟದಿಂದ ಎತ್ತಿ, ತಿರುಗಿಸಿ, ಅದರ ಹಿಂಬದಿಯನ್ನು ನೋಡಬೇಕು. ಹಲಗೆಯಲ್ಲಿ ಬಿಳಿ ಗೆಸ್ಸೊ ಕಾಣುತ್ತಿದ್ದು ಚಕ್ಕೆಯ ಹಿಂಬದಿ ಬರೀ ಬಣ್ಣವಾಗಿದ್ದರೆ ಬಣ್ಣ ಗೆಸ್ಸೊವನ್ನು ಹಿಡಿದಿಲ್ಲ: ಬರೆಯುವಾಗ ಮೇಲ್ಮೈ ತೇವವಾಗಿತ್ತು, ಜಿಡ್ಡಾಗಿತ್ತು ಅಥವಾ ಅತಿ ನುಣುಪಾಗಿತ್ತು. ಚಕ್ಕೆಯ ಹಿಂದೆ ಗೆಸ್ಸೊ ಕೂಡ ಅಂಟಿಕೊಂಡು ಬಂದು ಬರಿಯ ಮರ ಕಂಡರೆ ಗೆಸ್ಸೊ ಹಾಕುವ ಮೊದಲು ಮರವನ್ನು ತಿಕ್ಕಿ ಒರಟಾಗಿಸಿರಲಿಲ್ಲ. ಹಲಗೆಯಲ್ಲಿ ಒಂದು ಬಣ್ಣ, ಚಕ್ಕೆಯಲ್ಲಿ ಇನ್ನೊಂದು ಬಣ್ಣ ಉಳಿದಿದ್ದರೆ ಎರಡು ಪದರಗಳ ನಡುವೆ ಬಂಧವಿಲ್ಲ, ಪೂರ್ತಿ ಒಣಗಿ ಗಾಜಿನಂತಾದ ಪದರದ ಮೇಲೆ ತಿಂಗಳುಗಳ ನಂತರ ತಿದ್ದಿದಾಗ ಇದು ಸಂಭವಿಸುತ್ತದೆ. ಮೊದಲ ಎರಡು ಸಂದರ್ಭಗಳಲ್ಲಿ ಅದೇ ದಿನ ಸಿದ್ಧಪಡಿಸಿದ ಬೇರೆ ಹಲಗೆಗಳೂ ಶಂಕೆಗೆ ಒಳಗಾಗುತ್ತವೆ. ಅವುಗಳಲ್ಲಿ ಇನ್ನೂ ಬರೆಯದೆ ಉಳಿದವುಗಳ ಮೂಲೆಗೆ ಅಂಟುಪಟ್ಟಿ ಒತ್ತಿ ಕಿತ್ತು ನೋಡಿ, ಗೆಸ್ಸೊ ಎದ್ದು ಬಂದರೆ ಪೂರ್ತಿ ಕೆರೆದು ಹೊಸದಾಗಿ ಲೇಪಿಸಬೇಕು, ಏಳದಿದ್ದರೆ ನವೆಂಬರ್‌ನ ಒಣ ಹವೆ ಬಂದಾಗ ಅವನ್ನು ಧಾರಾಳವಾಗಿ ಬಳಸಬಹುದು.